ಮಾತು ಎತ್ತಿಕೊಡುವವನು

ದೊಡ್ಡಬಳ್ಳಾಪುರ
18 ಸೆಪ್ಟೆಂಬರ್ 2024

ಮುನಿರಾಮನಿಗೆ,

ಪೇಟೆ ಬೀದಿಯ ಪಿಳ್ಳಪ್ಪ ಜವಳಿ ಅಂಗಡಿಯ ಗಲ್ಲಾದ ಮೇಲಿಂದ ಸಾಕ್ಷಾತ್ ಪಿಳ್ಳಪ್ಪನೇ ಬರೆಯುತ್ತಿದ್ದಾನೆ. ಜೂನ್ ಹದಿನೈದಕ್ಕೆ ಹೊಸಿಲು ದಾಟಿ ಹೋದವನು ನೀನು, ಇವತ್ತಿನವರೆಗೆ ಒಂದು ಫೋನು ಎತ್ತಿಲ್ಲ. ಕರೆ ಮಾಡಿದಾಗಲೆಲ್ಲ ಯಾರೋ ಹೆಂಗಸು ನಿನ್ನ ಪರವಾಗಿ ಮೂರು ಭಾಷೆಯಲ್ಲಿ ಸಬೂಬು ಹೇಳ್ತಾಳೆ. ಅವಳ ಹತ್ತಿರ ಎಷ್ಟು ದಿನ ಅಂತ ಮಾತಾಡಲಿ? ಅದಕ್ಕೇ ನಮ್ಮ ಜಗುಲಿಯ ಟೈಲರ್ ಬೈಲಪ್ಪನಿಂದ ನಿನ್ನ ವಿಳಾಸ ಇಸ್ಕೊಂಡು ಕಾಗದಕ್ಕೆ ಕೂತಿದ್ದೇನೆ. ಕಾಗದವನ್ನ ಕಟ್ ಮಾಡೋಕಾಗಲ್ಲ ನೋಡು.

ನಿನ್ನೆ ನಡೆದದ್ದನ್ನು ಕೇಳು. ಹಗಲು ಹನ್ನೊಂದು ಗಂಟೆ. ಇನ್ನೂ ಬೋಣಿ ಆಗಿಲ್ಲ. ಪ್ರಮೋದಾ ಮೊನ್ನೆ ಮಡಚಿಟ್ಟ ಸೀರೆಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಾಳೆ. ಅಪ್ಪಯ್ಯಣ್ಣ ಮೇಲಿನ ಪಂಚೆ ಥಾನಿನ ಧೂಳು ಹೊಡೆದು ಕೆಳಗಿನ ಥಾನಿನ ಮೇಲೆ ಕೂರಿಸುತ್ತಿದ್ದಾನೆ. ಆಗ ಪ್ರವೇಶ: ಒಬ್ಬ ಹೆಣ್ಣುಮಗಳು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ನಾನು ಗಿರಾಕಿ ಅಂದುಕೊಂಡು ಎದೆಯುಬ್ಬಿಸಿ ಎದ್ದು ನಿಂತೆ. "ಸರ್, ನಾನು ಚೈತ್ರ. ಅಂಗಡಿ ಸಮೀಕ್ಷೆಗೆ ಬಂದಿದೀನಿ," ಅಂದಳು. ವ್ಯಾಪಾರ ಹೇಗಿದೆ, ಕೆಲಸಕ್ಕೆ ಎಷ್ಟು ಜನ, ಸಂಬಳಕ್ಕೆ ಎಷ್ಟು ಹೋಗುತ್ತೆ, ಇವಿಷ್ಟನ್ನೂ ಸರ್ಕಾರಕ್ಕೆ ಒಪ್ಪಿಸಬೇಕಂತೆ. ಮೂರು ತಿಂಗಳಿಗೊಮ್ಮೆ ಬರ್ತಾಳಂತೆ.

"ಕೆಲಸಕ್ಕೆ ಎಷ್ಟು ಜನ ಇದಾರೆ ಸರ್?"

ನನಗೆ ಮಾತು ತಪ್ಪಿತು ಮುನಿರಾಮ. ಊರಿನ ನಾಟಕದಲ್ಲಿ ಇಪ್ಪತ್ತು ವರ್ಷ ರಾಜ ಪಾರ್ಟು ಮಾಡಿದವನು ನಾನು. ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಟ್ಟವನು ನೀನು. ನಾಟಕ ನಿಂತರೂ ಅಂಗಡಿಯಲ್ಲಿ ಅದೇ ನಡೆಯಿತಲ್ಲ? ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಬೆನ್ನ ಹಿಂದೆ ನಿನ್ನ ಪಿಸುದನಿ: "ತೂಬಗೆರೆ ಅಮ್ಮಯಮ್ಮ, ಎರಡನೇ ಮಗಳ ಮದುವೆ, ಹಿರಿಯಳಿಗೆ ಹಸಿರು ರೇಷ್ಮೆ ಒಯ್ದಿದ್ರು." ನಾನು ಕೈ ಚಾಚಿ, "ಬನ್ನಿ ಅಮ್ಮಯಮ್ಮ, ಹಿರಿಯಳ ಹಸಿರು ಸೀರೆ ಬಾಳಿಕೆ ಬಂತಾ?" ಅಂತ ಗರ್ಜಿಸುತ್ತಿದ್ದೆ. ಅವರು ಕರಗಿ ನೀರಾಗಿ ಗಾದಿಯ ಮೇಲೆ ಕೂತುಬಿಡುತ್ತಿದ್ದರು. ಪಿಳ್ಳಪ್ಪನ ಜ್ಞಾಪಕಶಕ್ತಿ ಅಂತ ತಾಲ್ಲೂಕೆಲ್ಲ ಹೊಗಳಿತು. ಆ ಶಕ್ತಿ ನನ್ನ ಬೆನ್ನ ಹಿಂದೆ ನಿಂತಿತ್ತು.

ನಿನ್ನೆಯೂ ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿದೆ. ಖಾಲಿ ಗೋಡೆ. "ಆರು," ಅಂದುಬಿಟ್ಟೆ. ಇರುವವರು ಇಬ್ಬರು. ಪ್ರಮೋದಾ ತಲೆ ಎತ್ತಲಿಲ್ಲ, ಅಪ್ಪಯ್ಯಣ್ಣ ಕೆಮ್ಮಿದ. ಇಪ್ಪತ್ತೆರಡು ಜನ ಈ ಗಾದಿಯ ಮೇಲೆ ಕೂತು ಸೀರೆ ಬಿಚ್ಚುತ್ತಿದ್ದ ಕಾಲ ಕಂಡವನು, ಆ ಮಗುವಿನ ಮುಂದೆ ಎರಡು ಅಂತ ಹೇಗೆ ಹೇಳಲಿ?

ನಿನ್ನ ಹೆಸರು ಹಾಜರಿ ಪುಸ್ತಕದಲ್ಲಿ ಹಾಗೇ ಇದೆ. ನಾನು ಹೊಡೆದು ಹಾಕಿಲ್ಲ. ಅವತ್ತು ಗಿರಾಕಿಗಳೆದುರು ಬಂದ ಮಾತಿನ ವಿಷಯ ಬರೆಯಲು ನಾನು ಕೂತಿಲ್ಲ. ಕ್ಷೇಮ ತಿಳಿಸು, ಅಷ್ಟು ಸಾಕು.

ಇಂತಿ,
ಪಿಳ್ಳಪ್ಪ

*

ಪಿಲ್ಲಗುಂಪೆ, ಹೊಸಕೋಟೆ
6 ಅಕ್ಟೋಬರ್ 2024

ಪಿಳ್ಳಪ್ಪನವರಿಗೆ ಮುನಿರಾಮಯ್ಯನ ನಮಸ್ಕಾರ.

ಕಾಗದ ತಲುಪಿತು. ಫೋನು ಎತ್ತದೆ ಇರೋದು ಸಿಟ್ಟಿಗೆ ಒಂದೇ ಅಲ್ಲ. ನಾನೀಗ ಕೆಲಸಕ್ಕೆ ಸೇರಿರೋ ಗೋದಾಮಿನ ಗೇಟಿನಲ್ಲೇ ಫೋನು ಇಸ್ಕೊಂಡು ಡಬ್ಬಿಗೆ ಹಾಕ್ತಾರೆ. ಸಂಜೆ ವಾಪಸು ಕೈಗೆ ಬಂದಾಗ ನಿಮ್ಮ ಹೆಸರು ನೋಡ್ತೀನಿ. ಆವಾಗ ಎತ್ತದೆ ಇರೋದು ಸಿಟ್ಟಿಗೆ.

ನೀವು ಬರೆಯಲು ಕೂರದ ಮಾತನ್ನ ನಾನೇ ಬರೀತೀನಿ. ಗೋದಾಮಿಗೆ ಕರೀತಿದಾರೆ, ಆರು ವರ್ಷದಿಂದ ನಿಂತಿರೋ ಸಂಬಳ ಸ್ವಲ್ಪ ಏರಿಸಿದ್ರೆ ಇಲ್ಲೇ ಇರ್ತೀನಿ ಅಂದೆ. ನೀವು ನಾಲ್ಕು ಜನ ಗಿರಾಕಿಗಳ ಮುಂದೆ, "ಹೋಗಯ್ಯ, ಮಾತು ಎತ್ತಿಕೊಡೋನಿಗೆ ಯಾವ ಊರಲ್ಲೂ ಹಾರ ಹಾಕಲ್ಲ," ಅಂದ್ರಿ. ಅವರು ನಕ್ಕರು. ನಾಟಕದಲ್ಲಿ ರಾಜನಿಂದ ಹಿಡಿದು ಬಾಗಿಲು ಕಾಯೋನವರೆಗೆ ಎಲ್ಲರ ಮಾತೂ ನನಗೆ ಬಾಯಿಪಾಠ ಇತ್ತು. ನಮ್ಮ ಕೇರಿಯವರನ್ನ ಬಣ್ಣ ಹಚ್ಚಿಕೊಳ್ಳೋಕೆ ಯಾರೂ ಕರೆಯಲಿಲ್ಲ. ಅದನ್ನ ನಾನು ಮನಸ್ಸಿಗೆ ತಗೊಂಡಿರಲಿಲ್ಲ, ಅವತ್ತಿನವರೆಗೆ.

ಇಲ್ಲಿನ ಕೆಲಸ ಹೇಳ್ತೀನಿ, ನಿಮಗೆ ನಗು ಬರುತ್ತೆ. ಕಿವಿಗೆ ಒಂದು ಯಂತ್ರ ಸಿಕ್ಕಿಸ್ತಾರೆ. ಅದರೊಳಗೆ ಒಂದು ಹೆಣ್ಣು ದನಿ. "ಸಾಲು ಹದಿನಾಲ್ಕು, ಖಾನೆ ಮೂರು, ಎರಡು ತೆಗಿ," ಅಂತ ಹಿಂದಿಯಲ್ಲಿ ಹೇಳುತ್ತೆ. ತೆಗೆದು "ಹ್ಞಾಂ" ಅಂದ್ರೆ ಮುಂದಿನ ಸಾಲು. ದಿನಕ್ಕೆ ಹನ್ನೆರಡು ಕಿಲೋಮೀಟರು ನಡೀತೀನಂತೆ, ಅದೇ ಅಳೆಯುತ್ತೆ. ಮೂವತ್ತು ವರ್ಷ ನಾನು ನಿಮಗೆ ಹೇಳಿಕೊಟ್ಟೆ, ಈಗ ನನಗೊಬ್ಬಳು ಹೇಳಿಕೊಡೋಳು ಸಿಕ್ಕಿದಾಳೆ. ಒಂದೇ ಕೊರತೆ. ಅವಳಿಗೆ ಉಸಿರಿಲ್ಲ. ಮಾತಿನ ಮಧ್ಯೆ ಉಸಿರು ಎಳೆದುಕೊಳ್ಳದ ದನಿ ಕೇಳ್ತಾ ಕೇಳ್ತಾ ನನಗೇ ಉಸಿರು ಕಟ್ಟುತ್ತೆ.

ನನ್ನ ಹೆಂಡ್ತಿ ಮುತ್ತಮ್ಮನ ದಮ್ಮು ಜಾಸ್ತಿಯಾಗಿದೆ. ಇಪ್ಪತ್ತೈದು ವರ್ಷ ಮಗ್ಗದ ಮನೆಯ ನೂಲಿನ ಧೂಳು ಕುಡಿದ ಎದೆ ಅವಳದು. ನಾನೀಗ ಕಂಟ್ರಾಕ್ಟಿನ ಮೇಲೆ ಇದೀನಿ. ಜನವರಿಯಲ್ಲಿ ಹನ್ನೆರಡು ಜನರನ್ನ ಪರ್ಮನೆಂಟ್ ಮಾಡ್ತಾರೆ. ಪರ್ಮನೆಂಟ್ ಆದೋರ ಮನೆಯವರಿಗೂ ಆಸ್ಪತ್ರೆ ಕಾರ್ಡು ಬರುತ್ತೆ. ನಾನು ಇಲ್ಲಿ ಕಾಲು ಸವೆಸ್ತಿರೋದು ಅದೊಂದಕ್ಕೇ.

ಅದಕ್ಕೇ ಒಂದು ಕೇಳ್ಕೊತೀನಿ. ನನ್ನ ಹೆಸರು ಹೊಡೆದು ಹಾಕಿ. ಎಲ್ಲಾ ಕಡೆಯಿಂದ. ಇಲ್ಲಿನವರು ಹಿಂದಿನದನ್ನೆಲ್ಲ ಕೆದಕಿ ನೋಡ್ತಾರಂತೆ.

ಮುನಿರಾಮಯ್ಯ

*

ದೊಡ್ಡಬಳ್ಳಾಪುರ
4 ನವೆಂಬರ್ 2024

ಮುನಿರಾಮ,

ಹೊಡೆದಿದ್ದೇನೆ. ಕೆಂಪು ಶಾಯಿ, ಅಡ್ಡಗೆರೆ, ಪ್ರಮೋದಾಳ ಎದುರಿಗೆ. ಸಮಾಧಾನ ಆಯಿತಾ?

ದೀಪಾವಳಿ ಮುಗಿಯಿತು. ದೀಪ ಹಚ್ಚಿದ್ದು ನಿಜ, ವ್ಯಾಪಾರ ಆಗಿದ್ದು ಸುಳ್ಳು. ಮೂರು ದಿನ ಬೀದಿ ತುಂಬ ಜನ, ಕೈ ತುಂಬ ಚೀಲ, ಚೀಲಗಳ ಮೇಲೆಲ್ಲ ಬೈಪಾಸಿನ ಆ ದೊಡ್ಡ ಮಾರ್ಟಿನ ಹೆಸರು. ನಮ್ಮ ಜಗುಲಿಯ ಮೇಲೆ ಚೀಲ ಇಳಿಸಿ ಸುಧಾರಿಸಿಕೊಂಡು ಮುಂದಕ್ಕೆ ಹೋದರು. ಒಬ್ಬಳಂತೂ ಮಾರ್ಟಿನಲ್ಲಿ ಕೊಂಡ ರವಿಕೆ ಬಟ್ಟೆ ತನ್ನ ಮಾಸಿದ ಗುಲಾಬಿ ಸೀರೆಗೆ ಒಪ್ಪುತ್ತಾ ಅಂತ ನನ್ನ ಗಾದಿಯ ಮೇಲೆ ಹರಡಿ ನನ್ನನ್ನೇ ಕೇಳಿದಳು. ನಾನೂ ನೋಡಿ, "ಒಪ್ಪುತ್ತೆ ತಾಯಿ," ಅಂದೆ. ಏನು ಮಾಡಲಿ? ಬಣ್ಣ ಒಪ್ಪುತ್ತಿತ್ತು.

ಅವಳ ಹೆಸರು ನಾಲಿಗೆ ತುದಿಯಲ್ಲಿತ್ತು. ಬರಲಿಲ್ಲ. ಹೆಸರು ಹಿಡಿದು ಕರೆದಿದ್ದರೆ ಅವಳಿಗೆ ನಾಚಿಕೆಯಾಗಿ ಒಂದು ಟವೆಲಾದರೂ ಕೊಳ್ಳುತ್ತಿದ್ದಳು.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವವರು ಪಂಚೆ, ಶಲ್ಯಕ್ಕೆ ಬಂದೇ ಬರ್ತಾರೆ ಅಂತ ಸರಕು ತರಿಸಿಟ್ಟಿದ್ದೇನೆ. ಅಪ್ಪಯ್ಯಣ್ಣ ಮಂಡಿನೋವು ಅಂತ ದಸರಾ ಕಳೆದ ಮೇಲೆ ಬಂದಿಲ್ಲ. ಬರ್ತಾನೆ.

ಜನವರಿಯ ಪಟ್ಟಿಯಲ್ಲಿ ನಿನ್ನ ಹೆಸರು ಬರಲಿ. ಇದನ್ನ ಮನಸ್ಸಿಟ್ಟು ಬರೆದಿದ್ದೇನೆ.

ಇಂತಿ,
ಪಿಳ್ಳಪ್ಪ

*

ಪಿಲ್ಲಗುಂಪೆ
22 ಡಿಸೆಂಬರ್ 2024

ಪಿಳ್ಳಪ್ಪಣ್ಣನಿಗೆ,

ಪಟ್ಟಿ ಅಂಟಿಸಿದಾರೆ. ಹನ್ನೆರಡರಲ್ಲಿ ಒಂಬತ್ತನೇದು ನನ್ನದು. ಎಲ್ಲರೂ ಇಪ್ಪತ್ತೈದು ಮೂವತ್ತರ ಹುಡುಗರು, ನಾನೊಬ್ಬ ಐವತ್ತನಾಲ್ಕರವನು. ಸೂಪರ್‌ವೈಸರ್ ಅಂಬರೀಶ್ ಅಂತ, ನಮ್ಮ ಅನುಗೊಂಡನಹಳ್ಳಿ ಕಡೆಯವನು. "ತಾತ, ನೀವು ಒಂದು ತಪ್ಪೂ ಮಾಡಿಲ್ಲ, ಯಂತ್ರಕ್ಕೇ ನಿಮ್ಮನ್ನ ಕಂಡ್ರೆ ಭಯ," ಅಂತಾನೆ. ಕಾಗದಪತ್ರ ಪರಿಶೀಲನೆ ಒಂದು ಬಾಕಿ ಇದೆ.

ಅಂಬರೀಶ್ ಕಳಿಸಿದ ಪಟ್ಟಿಯ ಫೋಟೋನ ಮುತ್ತಮ್ಮ ದೊಡ್ಡದು ಮಾಡಿ ನನ್ನ ಹೆಸರು ನೋಡಿದ್ಲು. ಆಮೇಲೆ, "ಪಿಳ್ಳಪ್ಪಣ್ಣನಿಗೆ ತಿಳಿಸು," ಅಂದ್ಲು. ಅದಕ್ಕೇ ಬರೆದೆ.

ದೀಪಾವಳಿಗೆ ಬಂದವಳು ದೊಡ್ಡ ಹೊಳೆಬಾಗಿಲ ಮನೆಯ ಸೊಸೆ ಇರಬೇಕು. ಮಾಸಿದ ಗುಲಾಬಿ ಬಣ್ಣದ ಸೀರೆಗೆ ರವಿಕೆ ಹುಡುಕೋಳು ಅವಳೊಬ್ಬಳೇ. ಹೆಸರು ಸಿಂಚನ. ಮುಂದಿನ ಸಲ ಬಂದ್ರೆ ಕರೀರಿ.

ಮುನಿರಾಮಯ್ಯ

*

ದೊಡ್ಡಬಳ್ಳಾಪುರ
9 ಜನವರಿ 2025

ಮುನಿರಾಮ,

ನಿನ್ನ ಕಾಗದವನ್ನ ಬೈಲಪ್ಪನ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಅವನು ಮಿಷನ್ನು ನಿಲ್ಲಿಸಿ ಕೇಳಿದ. "ನಿಮ್ಮ ಮುನಿರಾಮ ಗೆದ್ದ ಬಿಡಿ," ಅಂದ. ನಿಮ್ಮ ಅಂದನಲ್ಲ, ಅದು ನನಗೆ ಹಿತವಾಯಿತು.

ಪ್ರಮೋದಾ ಸಂಕ್ರಾಂತಿಯಿಂದ ಮಾರ್ಟಿಗೆ ಹೋಗ್ತಾಳೆ. "ನೀವು ಬೇಜಾರು ಮಾಡ್ಕೋಬೇಡಿ ಅಣ್ಣ, ಇಲ್ಲಿ ಮಡಚಿದ್ದನ್ನೇ ಮಡಚೋಕೆ ನನಗೆ ಬೇಜಾರಾಗುತ್ತೆ," ಅಂದಳು. ಅಲ್ಲಿ ನೀಲಿ ಸಮವಸ್ತ್ರ, ದಿನವಿಡೀ ನಿಂತೇ ಇರಬೇಕು. ಹದಿನೇಳು ವರ್ಷದ ಮೇಲೆ ಹೋಗ್ತಿದಾಳೆ, ಒಂದು ಮಾತೂ ಬೈಯಲಿಲ್ಲ ನಾನು. ನಿನ್ನ ವಿಷಯದಲ್ಲಿ ಕಲಿತೆ ಅಂದುಕೋ. ಒಂದು ಸೀರೆ ಕೊಟ್ಟು ಕಳಿಸಿದೆ. ಅಪ್ಪಯ್ಯಣ್ಣ ಇನ್ನು ಬರಲ್ಲ ಅಂತ ಮಗನ ಕೈಲಿ ಹೇಳಿಕಳಿಸಿದ.

ಡಿಸೆಂಬರಿನಲ್ಲೂ ಆ ಚೈತ್ರ ಬಂದಿದ್ದಳು. ಮತ್ತೆ ಆರು ಅಂದೆ. ಅವಳು ಸುತ್ತ ಒಮ್ಮೆ ನೋಡಿ, "ಎಲ್ಲರೂ ಊಟಕ್ಕೆ ಹೋಗಿದಾರಾ ಸರ್?" ಅಂದಳು. ಹ್ಞೂಂ ಅಂದೆ. ಸಮಯ ಮೂರೂವರೆ.

ಪರಿಶೀಲನೆ ಅಂದರೆ ಏನೇನು ನೋಡ್ತಾರೆ? ಸುಮ್ಮನೆ ಕೇಳಿದೆ. ತಕ್ಷಣ ತಿಳಿಸು.

ಇಂತಿ,
ಪಿಳ್ಳಪ್ಪ

*

ಪಿಲ್ಲಗುಂಪೆ
30 ಜನವರಿ 2025

ಪಿಳ್ಳಪ್ಪನವರಿಗೆ,

ಪಿ.ಎಫ್. ನೋಡ್ತಾರೆ.

ಸೋಮವಾರ ಆಫೀಸಿಗೆ ಕರೆದು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಜುಲೈ, ಆಗಸ್ಟ್, ಸೆಪ್ಟೆಂಬರ್, ಹಾಗೇ ಡಿಸೆಂಬರಿನವರೆಗೆ, ನನ್ನ ಹೆಸರಿಗೆ ತಿಂಗಳಿಗೆ ಎರಡು ಕಡೆಯಿಂದ ಪಿ.ಎಫ್. ಬಿದ್ದಿದೆ. ಒಂದು ಇಲ್ಲಿನ ಕಂಟ್ರಾಕ್ಟರು. ಇನ್ನೊಂದು ಪಿಳ್ಳಪ್ಪ ಜವಳಿ ಅಂಗಡಿ, ದೊಡ್ಡಬಳ್ಳಾಪುರ. ನನ್ನ ಫೋನಿಗೂ ತಿಂಗಳಿಗೆ ಎರಡು ಇಂಗ್ಲಿಷ್ ಮೆಸೇಜು ಬರ್ತಿತ್ತು. ಒಂದು ಜಾಹೀರಾತು ಅಂದ್ಕೊಂಡಿದ್ದೆ.

"ಒಂದೇ ಹೊತ್ತಿನಲ್ಲಿ ಎರಡು ಕಡೆ ಕೆಲಸ ಮಾಡೋನು ಮೋಸಗಾರ," ಅಂದರು. ಪಟ್ಟಿಯಿಂದ ತೆಗೆದರು, ಕಂಟ್ರಾಕ್ಟೂ ಹೋಯ್ತು. ಕಿವಿಯ ಯಂತ್ರ ಬಿಚ್ಚಿ ಕೊಟ್ಟು ಬಂದೆ. ಅಂಬರೀಶ್ ಗೇಟಿನವರೆಗೆ ಬಂದ. "ತಾತ, ಇದು ಹೆಂಗಾಯ್ತು?" ಅಂದ.

ನನಗೂ ಗೊತ್ತಿಲ್ಲ. ಹೊಡೆದಿದ್ದೇನೆ ಅಂತ ನೀವು ಬರೆದಿದ್ರಿ.

ಮುನಿರಾಮಯ್ಯ

*

ದೊಡ್ಡಬಳ್ಳಾಪುರ
12 ಫೆಬ್ರವರಿ 2025

ಮುನಿರಾಮ,

ಹತ್ತು ದಿನದಿಂದ ಈ ಕಾಗದವನ್ನ ಬರೆದು ಹರಿದು ಹಾಕ್ತಿದ್ದೇನೆ. ಗಿರಾಕಿ ಇಲ್ಲದ ಅಂಗಡಿಯಲ್ಲಿ ಹರಿಯಲು ಬೇಕಾದಷ್ಟು ಸಮಯ.

ಹೊಡೆದಿದ್ದು ನಿಜ. ಪುಸ್ತಕದಲ್ಲಿ. ಆಡಿಟರ್ ಆಫೀಸಿನ ನವೀನ್‌ಕುಮಾರ್ ಜುಲೈನಲ್ಲೇ ಬಂದು, "ಮುನಿರಾಮಯ್ಯ ಬಿಟ್ಟರಲ್ಲ ಸಾರ್, ಕಂಪ್ಯೂಟರಿನಲ್ಲಿ ತೆಗೆದುಬಿಡ್ಲಾ?" ಅಂತ ಕೇಳಿದ. ಬೇಡ ಅಂದೆ. ನಿನ್ನ ಕಾಗದ ಬಂದ ಮೇಲೆ ಮತ್ತೆ ಅವನಿಗೆ ಫೋನು ಮಾಡಲು ಕೈ ಎತ್ತಿದೆ. ಕೈ ಎತ್ತಿದ್ದು ಅಷ್ಟೇ. ನಿನ್ನ ಪಾಲು, ನನ್ನ ಪಾಲು, ಎರಡನ್ನೂ ನಾನೇ ಕಟ್ಟಿದೆ. ತಿಂಗಳ ಹದಿನೈದಕ್ಕೆ ನವೀನ ಒಂದು ಹಾಳೆ ಕಳಿಸ್ತಾನೆ. ಅದರಲ್ಲಿ ಅಂಗಡಿಯ ಹೆಸರು, ಕೆಳಗೆ ನಿನ್ನ ಹೆಸರು. ಅದನ್ನ ಗಲ್ಲಾದಲ್ಲಿಟ್ಟುಕೊಂಡು ನೋಡ್ತಿದ್ದೆ. ನನ್ನ ಬಾಯಿಯಿಂದಾಗಿ ಹೋದವನನ್ನ ಅದೇ ಬಾಯಿಯಿಂದ ಕರೆಯಲು ಬರಲಿಲ್ಲ ನನಗೆ. ಬಂದದ್ದು ಇಷ್ಟೇ. ನಿನ್ನ ಭವಿಷ್ಯಕ್ಕೆ ಸದ್ದಿಲ್ಲದೆ ಏನೋ ಕೂಡಿಡ್ತಿದ್ದೇನೆ ಅಂದುಕೊಂಡೆ. ಗುಂಡಿ ತೋಡ್ತಿದ್ದೆ.

ಮೊನ್ನೆ ಪೇಪರಿನಲ್ಲಿ ಓದಿದೆ, ಜಿಲ್ಲೆಯಲ್ಲಿ ಪಿ.ಎಫ್. ಕಟ್ಟಿಸಿಕೊಳ್ಳುವ ಕೆಲಸಗಾರರು ಹೆಚ್ಚಿದ್ದಾರಂತೆ. ಆ ಹೆಚ್ಚಿದವರಲ್ಲಿ ಒಬ್ಬ ನೀನು, ಬರೀ ಲೆಕ್ಕದಲ್ಲಿ ನನ್ನ ಗೋಡೆಗೆ ಒರಗಿ ನಿಂತಿರುವ ನೀನು. ಪೇಪರು ಮಡಚಿಟ್ಟೆ.

ನಿನ್ನ ಗೋದಾಮಿನ ಮ್ಯಾನೇಜರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಹಾಕಿದ್ದೇನೆ. ಅದರ ನಕಲು ಕೆಳಗಿದೆ:

"ಮಾನ್ಯರೇ, ದೊಡ್ಡಬಳ್ಳಾಪುರದ ಜವಳಿ ವ್ಯಾಪಾರಿ ಪಿಳ್ಳಪ್ಪ ಬರೆದುಕೊಡುವುದು. ಮುನಿರಾಮಯ್ಯನವರು ಕಳೆದ ಜೂನ್ ಹದಿನೈದರಿಂದ ನನ್ನ ಅಂಗಡಿಯಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ, ಸಂಬಳ ಪಡೆದಿಲ್ಲ. ಅವರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಪಿ.ಎಫ್. ಕಟ್ಟಿದ್ದು ನಾನು. ದಾಖಲೆ ಸುಳ್ಳು, ಸುಳ್ಳು ನನ್ನದು, ಶಿಕ್ಷೆಯಿದ್ದರೆ ನನಗಿರಲಿ. ಅವರು ಕೆಲಸ ಬಿಡಲು ಕಾರಣ, ಮಾಲೀಕನಾದ ನಾನು ಗಿರಾಕಿಗಳೆದುರು ಅವರನ್ನು ಹೀಯಾಳಿಸಿದ್ದು. ಮೂವತ್ತು ವರ್ಷದಲ್ಲಿ ಅವರು ನನಗೆ ಒಂದು ತಪ್ಪು ಮಾತು ಹೇಳಿಕೊಟ್ಟಿಲ್ಲ. ಸದ್ಯ ನನ್ನ ಅಂಗಡಿಯಲ್ಲಿ ಕೆಲಸಕ್ಕಿರುವವರ ಸಂಖ್ಯೆ ........"

ಆ ಚುಕ್ಕಿಗಳ ಜಾಗದಲ್ಲಿ ಪೆನ್ನು ನಿಂತುಹೋಯಿತು. ಆಮೇಲೆ ತುಂಬೋಣ ಅಂತ ಬಿಟ್ಟೆ. ಪೋಸ್ಟಾಫೀಸಿನಲ್ಲಿ ಅಂಟಿಸುವಾಗಲೂ ತುಂಬಲಿಲ್ಲ. ಉಳಿದದ್ದೆಲ್ಲ ಬರೆದಿದ್ದೇನಲ್ಲ, ಅಷ್ಟು ಸಾಲದಾ?

ನಿನ್ನ ಜಾಗ ಇದೆ. ಬಾ. ಕೇಳಿದ ಸಂಬಳ ಕೊಡ್ತೀನಿ.

ಇಂತಿ,
ಪಿಳ್ಳಪ್ಪ

*

ಹೊಸಕೋಟೆ
16 ಮಾರ್ಚ್ 2025

ಪಿಳ್ಳಪ್ಪಣ್ಣನಿಗೆ,

ಮನೆ ಬದಲಾಯಿಸಿದೀವಿ, ಪಿಲ್ಲಗುಂಪೆಯ ಬಾಡಿಗೆ ಆಗಲಿಲ್ಲ. ಈಗ ತರಕಾರಿ ಮಂಡಿಯಲ್ಲಿ ಲೋಡು ಇಳಿಸೋ ಕೆಲಸ. ಕರೆದ ದಿನ ಹೋಗೋದು. ಇಲ್ಲಿ ಯಾರೂ ಯಾರಿಗೂ ಹೇಳಿಕೊಡಲ್ಲ, ಬೈತಾರೆ ಅಷ್ಟೇ. ಬೈಗುಳಕ್ಕೆ ಉಸಿರಿದೆ.

ನಿಮ್ಮ ಕಾಗದದ ಮೇಲೆ ಅಂಬರೀಶ್ ನನ್ನನ್ನ ಆಫೀಸಿಗೆ ಕರೆಸಿದ್ದ. ಮ್ಯಾನೇಜರಮ್ಮ ಎಳೇ ವಯಸ್ಸಿನವರು, ಕನ್ನಡ ಬರಲ್ಲ. ಅಂಬರೀಶ್ ಒಂದೊಂದೇ ಸಾಲು ಓದಿ ಹಿಂದಿಯಲ್ಲಿ ಹೇಳಿದ. ಹೀಯಾಳಿಸಿದ್ದು ಅನ್ನೋ ಸಾಲಿಗೆ ಬಂದಾಗ ನಾನು ಕಿಟಕಿ ಕಡೆ ತಿರುಗಿದೆ. ಆ ಮಾತು ನನ್ನ ಕಿವಿಗೆ ಹಿಂದಿಯಲ್ಲಿ ಬಂತು ನೋಡಿ.

ಕೊನೆಯ ಸಾಲಿಗೆ ಬಂದು, "ಇದು ಖಾಲಿ ಇದೆಯಲ್ಲ?" ಅಂದರು ಆಯಮ್ಮ. ಪೂರ್ತಿ ಮಾಡದ ಕಾಗದವನ್ನ ಕಡತಕ್ಕೆ ಹಾಕೋಕಾಗಲ್ಲ, ತುಂಬಿಸಿಕೊಂಡು ಬನ್ನಿ, ತಿಂಗಳ ಕೊನೆಯೊಳಗೆ ಅಂದರು. ಅವತ್ತು ಫೆಬ್ರವರಿ ಇಪ್ಪತ್ತೇಳು. ಸಂಜೆ ಮುತ್ತಮ್ಮನಿಗೆ ಉಸಿರು ಸಿಗದೆ ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆ. ಐದು ದಿನ ಅಲ್ಲೇ ಇದ್ವಿ. ವಾಪಸು ಬರೋಷ್ಟರಲ್ಲಿ ಒಂಬತ್ತನೇ ಜಾಗಕ್ಕೆ ಬೇರೆಯವರು ಬಂದಿದ್ರು. ತುಂಬಿದ್ರೂ ಕೊಡ್ತಿರಲಿಲ್ಲ ಅನ್ನಿ. ಅವರಿಗೆ ಬೇಕಿದ್ದಿದ್ದು ಎಳೇ ಕಾಲು. ಹಾಗಂತ ನಾನು ಮುತ್ತಮ್ಮನಿಗೆ ಹೇಳಿದೀನಿ, ನೀವೂ ಹಾಗೇ ಅಂದ್ಕೊಳ್ಳಿ.

ಮುತ್ತಮ್ಮ ಮನೆಗೆ ಬಂದಿದಾಳೆ. ನಾಲ್ಕು ಹೆಜ್ಜೆಗೆ ಒಮ್ಮೆ ನಿಲ್ತಾಳೆ. ಕಾರ್ಡಿನ ಮಾತು ಎತ್ತಲ್ಲ.

ಬಾ ಅಂತ ಕರೆದಿದೀರಿ. ಬಂದು ಯಾರ ಹೆಸರು ಹೇಳಿಕೊಡಲಿ ಅಣ್ಣ? ಮೆಟ್ಟಿಲು ಹತ್ತೋರು ಬೇಕಲ್ಲ. ಸಿಟ್ಟಿನಿಂದ ಬರೀತಿಲ್ಲ. ಸಿಟ್ಟು ಗೋದಾಮಿನ ಗೇಟಿನಲ್ಲೇ ಉಳೀತು, ಫೋನಿನ ಡಬ್ಬಿಯೊಳಗೆ.

ಆ ಹುಡುಗಿ ಚೈತ್ರ ಈ ತಿಂಗಳೋ ಮುಂದಿನ ತಿಂಗಳೋ ಬರ್ತಾಳೆ. ಎಷ್ಟು ಜನ ಅಂತ ಕೇಳ್ತಾಳೆ. ನಿಮಗೆ ಮಾತು ತಪ್ಪುತ್ತೆ, ಹಿಂದಕ್ಕೆ ತಿರುಗ್ತೀರಿ. ಅದಕ್ಕೇ ಮೊದಲೇ ಇಲ್ಲಿಂದ ಎತ್ತಿಕೊಡ್ತಾ ಇದೀನಿ, ಕೇಳಿಸ್ಕೊಳ್ಳಿ.

"ಯಾರೂ ಇಲ್ಲ."

ಅಷ್ಟೇ. ಎರಡೇ ಮಾತು. ಮಧ್ಯೆ ಉಸಿರು ತಗೊಳ್ಳಿ.

ನಿಮ್ಮ
ಮುನಿರಾಮ

*

ದೊಡ್ಡಬಳ್ಳಾಪುರ
3 ಏಪ್ರಿಲ್ 2025

ಮುನಿರಾಮ,

ನಿನ್ನೆ ಬಂದಿದ್ದಳು. ಯುಗಾದಿ ಕಳೆದು ಮೂರನೇ ದಿನ. ತೋರಣದ ಮಾವಿನೆಲೆ ಬಾಡಿತ್ತು, ಹೊಸ ಪಂಚೆ ಕೇಳಿಕೊಂಡು ಬಂದವರು ಒಬ್ಬರೂ ಇಲ್ಲ.

"ಕೆಲಸಕ್ಕೆ ಎಷ್ಟು ಜನ ಇದಾರೆ ಸರ್?"

ಹೇಳಿದೆ. ನೀನು ಹೇಳಿಕೊಟ್ಟ ಹಾಗೆಯೇ, ಮಧ್ಯೆ ಉಸಿರು ತೆಗೆದುಕೊಂಡು. ರಾಜ ಪಾರ್ಟಿನ ದನಿ ಬರಲಿಲ್ಲ. ಅವಳಿಗೆ ಕೇಳಿಸದೆ ಇನ್ನೊಮ್ಮೆ ಹೇಳಿಸಿದಳು. ಎರಡನೇ ಸಲ ಹೇಳಿದಾಗ ಜಗುಲಿಯ ಮೇಲೆ ಬೈಲಪ್ಪನ ಮಿಷನ್ನು ನಿಂತಿತು.

"ಡಿಸೆಂಬರಲ್ಲಿ ಆರು ಅಂದಿದ್ರಿ. ಆರರಿಂದ ಒಂದೇ ಸಲ ಸೊನ್ನೆ ಅಂದ್ರೆ ಟ್ಯಾಬು ಒಪ್ಪಲ್ಲ ಸರ್. ಕಾರಣ ಕೇಳುತ್ತೆ," ಅಂದಳು. ಪರದೆ ಮೇಲೆ ನಾಲ್ಕು ಸಾಲು ತೋರಿಸಿದಳು. ವ್ಯಾಪಾರ ಕುಸಿತ, ಸಂಬಳ ಕೊಡಲಾಗದೆ ಇದ್ದದ್ದು, ಕೆಲಸಗಾರರ ಸ್ವಂತ ಇಚ್ಛೆ, ಇತರೆ. "ಇದರಲ್ಲಿ ಯಾವುದು ಹೇಳಿ."

ಕಾರಣ ಕೇಳ್ತಾಳೆ ಅಂತ ನೀನು ಎತ್ತಿಕೊಟ್ಟಿರಲಿಲ್ಲ. ಆದರೂ ನಾನು ಹಿಂದಕ್ಕೆ ತಿರುಗಲಿಲ್ಲ ಮುನಿರಾಮ.

"ಮಾಲೀಕನ ಬಾಯಿ ಅಂತ ಬರ್ಕೋ ತಾಯಿ," ಅಂದೆ.

ಅವಳು ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡ್ತಿಲ್ಲ ಅಂತ ಗೊತ್ತಾದ ಮೇಲೆ ತಲೆ ಬಗ್ಗಿಸಿ ನಾಲ್ಕು ಸಾಲನ್ನೂ ಮೇಲಿಂದ ಕೆಳಗೆ ಮತ್ತೆ ಓದಿದಳು. ಆಮೇಲೆ "ಇತರೆ" ಒತ್ತಿದಳು.

ಇಂತಿ,
ಪಿಳ್ಳಪ್ಪ